ಅಣುಸ್ಥಾವರವನ್ನು ಕಟ್ಟುವವರ ವಿದ್ಯೆ

ಮನೆಯನ್ನು ಕಟ್ಟುವ ಎಂಜಿನಿಯರನಿಗೆ ಭೂಕಂಪವು ಒಡ್ಡುವ ಪರೀಕ್ಷೆ ಒಂದೇ: ಕಟ್ಟಡವು ಕುಸಿಯಬಾರದು, ಒಳಗಿರುವವರ ಪ್ರಾಣ ಉಳಿಯಬೇಕು. ಗೋಡೆ ಬಿರುಕು ಬಿಡಲಿ, ಗಾರೆ ಉದುರಲಿ, ಬಾಗಿಲು ಚೌಕಟ್ಟಿಗೆ ಕೂಡದಂತಾಗಲಿ. ಜನರು ಸುರಕ್ಷಿತವಾಗಿ ಹೊರಗೆ ಬಂದರೆ ಕಟ್ಟಿದವನ ಕರ್ತವ್ಯ ಮುಗಿದಂತೆಯೇ. ಪರಮಾಣು ವಿದ್ಯುತ್ ಸ್ಥಾವರವನ್ನು ಕಟ್ಟುವವನಿಗೆ ಈ ವಿನಾಯಿತಿ ಇಲ್ಲ. ಅವನ ಕಟ್ಟಡವು ನಿಂತರೆ ಸಾಲದು. ಅದರೊಳಗಿನ ಯಂತ್ರಗಳು ನಡುಕ ನಿಂತ ಮರುಕ್ಷಣವೂ, ಮರುದಿನವೂ, ಮರುವಾರವೂ ದುಡಿಯುತ್ತಿರಬೇಕು.

ಇದಕ್ಕೆ ಕಾರಣ ಪರಮಾಣು ಇಂಧನದ ಸ್ವಭಾವದಲ್ಲಿದೆ. ಒಲೆಯಿಂದ ಕೊಳ್ಳಿಯನ್ನು ಹೊರಗೆ ಎಳೆದರೆ ಬೆಂಕಿ ಆರುತ್ತದೆ. ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆಯನ್ನು ನಿಲ್ಲಿಸಿದರೂ ಇಂಧನದೊಳಗೆ ಹುಟ್ಟಿಕೊಂಡ ವಿಕಿರಣಶೀಲ ವಸ್ತುಗಳು ಶಾಖವನ್ನು ಸೂಸುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಈ ಶಾಖವು ಪೂರ್ಣ ಶಾಖದ ಶೇಕಡ 6ರಷ್ಟಿರುತ್ತದೆ. ಒಂದು ದಿನ ಕಳೆದ ಮೇಲೂ ಸುಮಾರು ಶೇಕಡ ಅರ್ಧದಷ್ಟು ಉಳಿದಿರುತ್ತದೆ. ಕೇಳಲು ಅಲ್ಪವೆನಿಸಿದರೂ, ನೀರು ಹರಿಸಿ ತಣಿಸದೆ ಹೋದರೆ ಇಂಧನವನ್ನೇ ಕರಗಿಸಲು ಇಷ್ಟು ಸಾಕು. ಆದುದರಿಂದ ನೀರೆತ್ತುವ ಪಂಪು, ನೀರು ಹರಿಯುವ ಕೊಳವೆ, ಕೊಳವೆಯ ಕವಾಟ, ಪಂಪಿಗೆ ವಿದ್ಯುತ್ತನ್ನು ಕೊಡುವ ಡೀಸೆಲ್ ಯಂತ್ರ, ಅದನ್ನು ಚಾಲನೆಗೊಳಿಸುವ ಬ್ಯಾಟರಿ, ಇವುಗಳಲ್ಲಿ ಯಾವುದೊಂದೂ ಭೂಕಂಪಕ್ಕೆ ಸೋಲುವಂತಿಲ್ಲ. ಇಂಥ ಕಟ್ಟಡವನ್ನು ರಚಿಸುವವರು ಏನನ್ನು ಕಲಿಯಬೇಕು, ಹೇಗೆ ಕಲಿಯಬೇಕು ಎಂಬುದು ಕೆಲವೇ ಪರಿಣತರಿಗೆ ಬಿಟ್ಟ ವಿಷಯವೆಂದು ತೋರಬಹುದು. ಆದರೆ ಸ್ಥಾವರದ ಸುತ್ತಣ ಊರುಗಳಲ್ಲಿ ವಾಸಿಸುವ ಜನರ ನೆಮ್ಮದಿ ನಿಂತಿರುವುದು ಈ ಕಲಿಕೆಯ ಮೇಲೆ.

ಈ ವಿದ್ಯೆಯ ಮೊದಲ ಪಾಠ ಕಠಿಣವೇನಲ್ಲ. ಉದ್ದ ದಾರದ ಲೋಲಕವು ನಿಧಾನವಾಗಿ ತೂಗುತ್ತದೆ, ಗಿಡ್ಡ ದಾರದ್ದು ಬೇಗ ಬೇಗ ತೂಗುತ್ತದೆ. ಕಟ್ಟಡಗಳೂ ಹಾಗೆಯೇ, ಎತ್ತರದ ಕಟ್ಟಡಕ್ಕೂ ಗಿಡ್ಡ ಕಟ್ಟಡಕ್ಕೂ ತಮ್ಮದೇ ಆದ ಆಂದೋಲನದ ಅವಧಿ ಇರುತ್ತದೆ. ನೆಲದ ನಡುಕದ ಲಯವು ಕಟ್ಟಡದ ಲಯಕ್ಕೆ ಹೊಂದಿಕೊಂಡರೆ ತೂಗಾಟವು ಹೆಚ್ಚುತ್ತ ಹೋಗುತ್ತದೆ. ಒಂದು ಭೂಕಂಪವು ಯಾವ ಯಾವ ಅವಧಿಯ ಕಟ್ಟಡವನ್ನು ಎಷ್ಟೆಷ್ಟು ಕುಲುಕುವುದೆಂದು ತೋರಿಸುವ ರೇಖೆಯೊಂದನ್ನು ಎಂಜಿನಿಯರು ಬರೆದುಕೊಳ್ಳುತ್ತಾನೆ. 1940ರ ಮೇ 18ರಂದು ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೊ ಎಂಬಲ್ಲಿ ಉಪಕರಣವೊಂದು ದಾಖಲಿಸಿದ ನೆಲದ ನಡುಕವು ಇಂಥ ರೇಖೆಗಳ ಅಧ್ಯಯನಕ್ಕೆ ದಶಕಗಳ ಕಾಲ ಆಧಾರವಾಗಿತ್ತು. ಇಂದಿಗೂ ವಿದ್ಯಾರ್ಥಿಗಳು ಅದನ್ನೇ ಇಟ್ಟುಕೊಂಡು ಲೆಕ್ಕ ಮಾಡಿ ಕಲಿಯುತ್ತಾರೆ.

ಎರಡನೆಯ ಪಾಠದಲ್ಲಿ ತೊಡಕು ಹೆಚ್ಚು. ಊರಿನ ತೇರು ಹೊರಟಾಗ ಗಾಲಿಯೊಂದು ಸಣ್ಣ ಕಲ್ಲನ್ನು ಹತ್ತಿಳಿದರೆ ಪಕ್ಕದಲ್ಲಿ ನಡೆಯುವವರಿಗೆ ಅದು ಗೊತ್ತಾಗುವುದೂ ಇಲ್ಲ. ಆದರೆ ತುದಿಯ ಕಳಸ ಮೊಳದುದ್ದ ತೂಗಿಬಿಡುತ್ತದೆ. ಸ್ಥಾವರದಲ್ಲಿ ಮೇಲಿನ ಅಂತಸ್ತುಗಳ ಮೇಲೆ ಕುಳಿತ ಯಂತ್ರಗಳಿಗೆ ತಗಲುವುದು ನೆಲದ ನಡುಕವಲ್ಲ, ಕಟ್ಟಡವು ಹಿಗ್ಗಿಸಿ ಕೊಟ್ಟ ನಡುಕ. ಆದುದರಿಂದ ಪ್ರತಿಯೊಂದು ಅಂತಸ್ತಿಗೂ ಬೇರೆ ಬೇರೆ ರೇಖೆಯನ್ನು ಲೆಕ್ಕ ಹಾಕಿ, ಅಲ್ಲಿಡುವ ಯಂತ್ರವು ಅದನ್ನು ತಾಳುವುದೇ ಎಂದು ನೋಡಬೇಕಾಗುತ್ತದೆ. ಕೆಲವು ಉಪಕರಣಗಳ ವಿಷಯದಲ್ಲಿ ಲೆಕ್ಕವನ್ನೂ ನಂಬದೆ, ನಡುಗುವ ಮೇಜಿನ ಮೇಲೆ ಇಟ್ಟು ಕುಲುಕಿಯೇ ಪರೀಕ್ಷಿಸುತ್ತಾರೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ದಿಕ್ಕುಗಳಲ್ಲಿಯೂ ಅಲುಗುವ ಇಂಥ ಮೇಜು ಇದೆ. ವಿದ್ಯುತ್ ಸ್ವಿಚ್ಚುಗಳ ಕಬ್ಬಿಣದ ಬೀರುವೊಂದನ್ನು ಅದರ ಮೇಲೆ ಬಿಗಿದು, ಎಲ್ಲಿಯೋ ಎಂದೋ ಆದ ಭೂಕಂಪವನ್ನು ಮತ್ತೆ ಬರಿಸಿ, ಸ್ವಿಚ್ಚು ತಾನಾಗಿ ಬಿಚ್ಚಿಕೊಂಡೀತೇ ಎಂದು ಕಾದು ನೋಡುವುದು ಅಲ್ಲಿನ ಕೆಲಸದ ರೀತಿ. ಬೀರು ಬೀಳದಿದ್ದರೂ ಒಳಗಿನ ಒಂದು ಪುಟ್ಟ ಪತ್ತಿ ಜಿಗಿದು ವಿದ್ಯುತ್ತು ಕಡಿದುಹೋದರೆ ಆ ಬೀರು ತೇರ್ಗಡೆಯಾಗುವುದಿಲ್ಲ.

ಇನ್ನು ನೆಲ. ಬಂಡೆಯ ಮೇಲೆ ಕಟ್ಟುವುದು ಬೇರೆ, ಮೆಕ್ಕಲು ಮಣ್ಣಿನ ಮೇಲೆ ಕಟ್ಟುವುದು ಬೇರೆ. 1964ರ ಜೂನ್ 16ರಂದು ಜಪಾನಿನ ನಿಇಗತ ನಗರದಲ್ಲಿ ಭೂಕಂಪವಾದಾಗ ನೀರು ತುಂಬಿದ ಮರಳು ನೆಲವು ಕೆಸರಿನಂತೆ ಸಡಿಲವಾಯಿತು. ವಸತಿ ಕಟ್ಟಡಗಳು ಮುರಿಯಲಿಲ್ಲ, ಇಡಿಯಾಗಿ ಪಕ್ಕಕ್ಕೆ ಒರಗಿಕೊಂಡವು. ಉತ್ತರ ಪ್ರದೇಶದ ನರೋರಾ ಸ್ಥಾವರವು ಗಂಗಾನದಿಯ ದಂಡೆಯ ಮೆಕ್ಕಲಿನ ಮೇಲೆ ನಿಂತಿದೆ. ಭಾರತದ ಎಂಜಿನಿಯರುಗಳು ನೆಲವೂ ಕಟ್ಟಡವೂ ಒಂದನ್ನೊಂದು ಅಲುಗಿಸುವ ರೀತಿಯನ್ನು ಕೂಲಂಕಷವಾಗಿ ಅಭ್ಯಾಸ ಮಾಡಬೇಕಾಗಿ ಬಂದುದು ಆ ಸ್ಥಾವರವನ್ನು ಕಟ್ಟುವಾಗ. ಭಾರತದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರು ರೂರ್ಕಿಯ ಪ್ರಾಧ್ಯಾಪಕ ಜೈಕೃಷ್ಣ ಅವರು. ಅಲ್ಲಿ 1960ರಲ್ಲಿ ಭೂಕಂಪ ಎಂಜಿನಿಯರಿಂಗಿಗಾಗಿಯೇ ಒಂದು ಶಾಲೆ ಆರಂಭವಾಯಿತು. 1962ರಲ್ಲಿ ಭೂಕಂಪವನ್ನು ತಡೆಯುವ ಕಟ್ಟಡಗಳಿಗಾಗಿ ಮೊದಲ ಭಾರತೀಯ ಮಾನಕ ಪ್ರಕಟವಾಯಿತು.

ಇಷ್ಟನ್ನೂ ಇಂದು ಗಣಕಯಂತ್ರವು ಲೆಕ್ಕ ಹಾಕಿ ಕೊಡುತ್ತದೆ. ಹಿಂದಿನವರು ತಿಂಗಳುಗಟ್ಟಲೆ ಕಾಗದದ ಮೇಲೆ ತಿಣುಕಿದ ಲೆಕ್ಕವು ಈಗ ಊಟ ಮುಗಿಸಿ ಬರುವಷ್ಟರಲ್ಲಿ ಸಿದ್ಧವಾಗುತ್ತದೆ. ಇದರಿಂದಾಗಿ ಒಂದು ಅಭಿಪ್ರಾಯ ಬೇರೂರಿದೆ: ಗಣಿತವನ್ನೂ ಗಣಕಯಂತ್ರವನ್ನೂ ಚೆನ್ನಾಗಿ ಬಲ್ಲವನು ಯಾವ ಸ್ಥಾವರವನ್ನಾದರೂ ರಚಿಸಬಲ್ಲನು, ಉಳಿದುದೆಲ್ಲ ಅನುಭವದಿಂದ ತಾನಾಗಿ ಬರುತ್ತದೆ. ಇದು ಒಪ್ಪತಕ್ಕ ಮಾತಲ್ಲ. ಗಣಕಯಂತ್ರಕ್ಕೆ ನೆಲವು ಇಷ್ಟು ನಡುಗುತ್ತದೆ ಎಂಬ ಒಂದು ಸಂಖ್ಯೆಯನ್ನು ಮೊದಲು ಕೊಡಬೇಕು. ಆ ಸಂಖ್ಯೆಯನ್ನು ಅದು ಪ್ರಶ್ನಿಸುವುದಿಲ್ಲ. ಕೊಟ್ಟವನ ತಿಳಿವಳಿಕೆ ಎಷ್ಟೋ ಉತ್ತರದ ಬೆಲೆಯೂ ಅಷ್ಟೇ.

ಆ ಸಂಖ್ಯೆ ಎಷ್ಟು ತಪ್ಪಬಹುದೆಂಬುದಕ್ಕೆ ಕೊಯ್ನಾ ಅಣೆಕಟ್ಟೇ ಸಾಕ್ಷಿ. ದಕ್ಷಿಣ ಭಾರತದ ಪ್ರಸ್ಥಭೂಮಿ ಪುರಾತನ ಶಿಲೆಯಿಂದಾದುದು, ಇಲ್ಲಿ ದೊಡ್ಡ ಭೂಕಂಪಗಳು ಆಗಲಾರವು ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಮಹಾರಾಷ್ಟ್ರದ ಕೊಯ್ನಾದಲ್ಲಿ 103 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟುವಾಗ, ಗುರುತ್ವ ವೇಗೋತ್ಕರ್ಷದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಅಡ್ಡಬಲವನ್ನು ಲೆಕ್ಕಕ್ಕೆ ಹಿಡಿದಿದ್ದರು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಭೂಕಂಪವಾದಾಗ ಅಣೆಕಟ್ಟಿನೊಳಗಿದ್ದ ಉಪಕರಣವು ಅದರ ಹತ್ತರಷ್ಟು, ಅಂದರೆ ಗುರುತ್ವ ವೇಗೋತ್ಕರ್ಷದ ಸರಿಸುಮಾರು ಅರ್ಧದಷ್ಟು ನಡುಕವನ್ನು ದಾಖಲಿಸಿತು. ಅಣೆಕಟ್ಟಿನ ಎರಡು ಮುಖಗಳಲ್ಲಿಯೂ ಬಿರುಕುಗಳು ಕಾಣಿಸಿಕೊಂಡವು. ಅದೃಷ್ಟವಶಾತ್ ಅದು ಒಡೆಯಲಿಲ್ಲ. ಆ ಹೊತ್ತಿಗೆ ಅದೇ ರಾಜ್ಯದ ತಾರಾಪುರದಲ್ಲಿ ಭಾರತದ ಮೊದಲ ಪರಮಾಣು ವಿದ್ಯುತ್ ಸ್ಥಾವರವು ನಿರ್ಮಾಣವಾಗುತ್ತಿತ್ತೆಂಬುದನ್ನು ನೆನೆಯಬೇಕು. ಮುಂದೆ 1993ರ ಸೆಪ್ಟೆಂಬರ್ 30ರಂದು ಲಾತೂರು ಪ್ರದೇಶದ ಕಿಲ್ಲಾರಿಯಲ್ಲಿ ನೆಲ ನಡುಗಿ ಸಾವಿರಾರು ಜನರು ಮಡಿದರು. ಸರಕಾರಿ ನಕ್ಷೆಯಲ್ಲಿ ಆ ಊರು ಅತ್ಯಂತ ಕಡಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು.

ಹೀಗಿರುವಲ್ಲಿ, ಸ್ಥಾವರವನ್ನು ರಚಿಸಲು ಕಲಿಯುವವನು ಭೂವಿಜ್ಞಾನಿಯಿಂದ ಒಂದು ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದು ಲೆಕ್ಕಕ್ಕೆ ಕುಳಿತರೆ ಸಾಕೆ? ಆ ಸಂಖ್ಯೆ ಎಲ್ಲಿಂದ ಬಂತು, ಎಷ್ಟು ವರ್ಷಗಳ ದಾಖಲೆಯನ್ನು ಆಧರಿಸಿತು, ಅದರಲ್ಲಿ ಊಹೆಯ ಪಾಲು ಎಷ್ಟು ಎಂದು ಕೇಳುವಷ್ಟು ಭೂವಿಜ್ಞಾನ ಅವನಿಗೆ ಬೇಕು. ಇತಿಹಾಸವೂ ಬೇಕು. ಉಪಕರಣಗಳು ಬಂದು ನೂರು ವರ್ಷವಷ್ಟೇ ಆಗಿದೆ. ನೆಲದ ನೆನಪು ಸಾವಿರಾರು ವರ್ಷಗಳದು.

ಇದು ಉತ್ಪ್ರೇಕ್ಷೆಯಲ್ಲವೆಂಬುದನ್ನು ಜಪಾನಿನ ಎರಡು ಸ್ಥಾವರಗಳು ತೋರಿಸಿವೆ. 2011ರ ಮಾರ್ಚ್ 11ರಂದು ಸಮುದ್ರದಡಿಯಲ್ಲಿ 9.0 ಪ್ರಮಾಣದ ಭೂಕಂಪವಾಯಿತು. ಫುಕುಶಿಮಾ ದಾಇಚಿ ಸ್ಥಾವರದಲ್ಲಿ ನಡೆಯುತ್ತಿದ್ದ ಮೂರು ರಿಯಾಕ್ಟರುಗಳೂ ಕೂಡಲೇ ತಾವಾಗಿ ನಿಂತವು; ಹೊರಗಿನ ವಿದ್ಯುತ್ತು ಕಡಿದುಹೋದರೂ ಡೀಸೆಲ್ ಯಂತ್ರಗಳು ಚಾಲೂ ಆದವು. ಸುಮಾರು ಮುಕ್ಕಾಲು ಗಂಟೆಯ ಅನಂತರ ಹದಿನಾಲ್ಕು ಹದಿನೈದು ಮೀಟರ್ ಎತ್ತರಕ್ಕೆ ಸಮುದ್ರ ನುಗ್ಗಿತು. ಡೀಸೆಲ್ ಯಂತ್ರಗಳಲ್ಲಿ ಹೆಚ್ಚಿನವು ನೆಲಮಾಳಿಗೆಯಲ್ಲಿದ್ದವು. ಮುಂದಿನದು ಜಗತ್ತಿಗೇ ತಿಳಿದಿದೆ. ಆ ಸ್ಥಾವರವಿದ್ದ ಜಾಗವು ಮೊದಲು 35 ಮೀಟರ್ ಎತ್ತರದ ದಿಬ್ಬವಾಗಿತ್ತು. ಅದನ್ನು ಕಡಿದು ಸುಮಾರು 10 ಮೀಟರಿಗೆ ಇಳಿಸಿ ಕಟ್ಟಿದ್ದರು. ಸಮುದ್ರದ ನೀರನ್ನು ಮೇಲೆತ್ತುವ ಖರ್ಚು ಉಳಿಯುವುದಷ್ಟೇ ಇದರ ಉದ್ದೇಶವಾಗಿರಲಿಲ್ಲ. ತಳಪಾಯವನ್ನು ಗಟ್ಟಿ ಶಿಲೆಯ ಮೇಲೆ ನಿಲ್ಲಿಸಿ ಭೂಕಂಪದಿಂದ ಕಾಪಾಡುವುದೂ ಆಗಿತ್ತು. ಅಂದರೆ ಭೂಕಂಪಕ್ಕಾಗಿ ಕಲಿತ ಪಾಠವನ್ನು ಶಿಸ್ತಿನಿಂದ ಪಾಲಿಸಿದ್ದೇ ನೀರಿಗೆ ಬಾಗಿಲು ತೆರೆಯಿತು! ಕಟ್ಟಡದವನು ನೆಲವನ್ನು ನೋಡಿದ, ಕಡಲನ್ನು ನೋಡುವ ಕೆಲಸ ಮತ್ತೊಬ್ಬನದೆಂದು ಎಣಿಸಿದ.

ಅದೇ ಕರಾವಳಿಯ ಒನಗಾವ ಸ್ಥಾವರವು ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರದಲ್ಲಿತ್ತು. ಅದರ ನೆಲಮಟ್ಟವು ಸಮುದ್ರಕ್ಕಿಂತ 14.8 ಮೀಟರ್ ಮೇಲಿತ್ತು. ಅಷ್ಟು ಎತ್ತರ ಬೇಕೆಂದು ಪಟ್ಟು ಹಿಡಿದವರು ವಿದ್ಯುತ್ ಕಂಪನಿಯ ಹಿರಿಯ ಎಂಜಿನಿಯರು ಹಿರಾಯ್ ಯಾನೊಸುಕೆ. ಕ್ರಿ.ಶ. 869ರಲ್ಲಿ ಆ ಕರಾವಳಿಯನ್ನು ಮುಳುಗಿಸಿದ ಮಹಾ ಅಲೆಯ ವೃತ್ತಾಂತವು ಅವರ ಲಕ್ಷ್ಯದಲ್ಲಿತ್ತು. ಖರ್ಚು ಹೆಚ್ಚೆಂಬ ಆಕ್ಷೇಪಕ್ಕೆ ಅವರು ಮಣಿಯಲಿಲ್ಲ. ಅವರು 1986ರಲ್ಲಿ ತೀರಿಕೊಂಡರು. 2011ರಲ್ಲಿ ಭೂಮಿಯೇ ಒಂದು ಮೀಟರಿನಷ್ಟು ಕುಸಿದು, ಸುಮಾರು 13 ಮೀಟರಿನ ಅಲೆ ಬಂದಾಗ ಸ್ಥಾವರವು ಕೂದಲೆಳೆಯಲ್ಲಿ ಪಾರಾಯಿತು; ಮನೆಮಠ ಕಳೆದುಕೊಂಡ ಊರಿನ ನೂರಾರು ಜನರು ಬಂದು ಆಸರೆ ಪಡೆದುದು ಆ ಸ್ಥಾವರದ ಆವರಣದಲ್ಲಿಯೇ. ಹಿರಾಯ್ ಅವರ ಆ ನಿರ್ಣಯಕ್ಕೆ ಯಾವ ಸಮೀಕರಣವೂ ಕಾರಣವಲ್ಲ. ಸಾವಿರ ವರ್ಷಗಳ ಹಿಂದಿನ ಒಂದು ವೃತ್ತಾಂತವನ್ನು ಎಂಜಿನಿಯರಿಂಗಿಗೆ ಸಂಬಂಧಪಟ್ಟ ಸಂಗತಿಯೆಂದು ಅವರು ಗಣಿಸಿದರು, ಅಷ್ಟೆ.

ಕಲಿಯಬೇಕಾದ ಮತ್ತೊಂದು ಸಂಗತಿಗೆ ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಳಿ ನದಿಯ ದಂಡೆಯ ಕೈಗಾದಲ್ಲಿ, ಇಂದು ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅಲ್ಲಿನ ರಿಯಾಕ್ಟರುಗಳಿಗೆ ಒಂದರೊಳಗೊಂದಾಗಿ ಎರಡು ಕಾಂಕ್ರೀಟು ಆವರಣಗಳು. ಒಳಗಿನ ಆವರಣದ ಕಾಂಕ್ರೀಟಿನಲ್ಲಿ ನಾಳಗಳನ್ನು ಬಿಟ್ಟು, ಅವುಗಳ ಮೂಲಕ ಉಕ್ಕಿನ ಹಗ್ಗಗಳನ್ನು ತೂರಿಸಿ ಜಗ್ಗಿ ಬಿಗಿಯುತ್ತಾರೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದಂತೆ ಇದು ಕಾಂಕ್ರೀಟನ್ನು ಒತ್ತಿ ಹಿಡಿಯುತ್ತದೆ. ಒಳಗಿನಿಂದ ಒತ್ತಡ ಬಂದರೂ ಬಿರುಕು ಬಿಡಗೊಡುವುದಿಲ್ಲ. ಆದರೆ ಗುಮ್ಮಟದಲ್ಲಿ ಹಗ್ಗವು ಬಾಗಿದ ದಾರಿಯಲ್ಲಿ ಸಾಗಬೇಕು. ಜಗ್ಗಿದ ಹಗ್ಗಕ್ಕೆ ನೆಟ್ಟಗಾಗುವ ಸ್ವಭಾವ. ಹೀಗಾಗಿ ಗುಮ್ಮಟದ ದಪ್ಪದೊಳಗೆ ಪದರದಿಂದ ಪದರವನ್ನು ಬಿಡಿಸುವ ಎಳೆತವು ಹುಟ್ಟುತ್ತದೆ. ಎಳೆತವನ್ನು ತಾಳುವುದರಲ್ಲಿ ಕಾಂಕ್ರೀಟು ಬಲು ದುರ್ಬಲ.

1994ರ ಮೇ 13ರಂದು, ನಿರ್ಮಾಣದ ಹಂತದಲ್ಲಿದ್ದ ಕೈಗಾದ ಮೊದಲನೆಯ ಘಟಕದ ಒಳ ಗುಮ್ಮಟದ ಕಾಂಕ್ರೀಟು ಪದರವಾಗಿ ಕಳಚಿ ಕೆಳಗೆ ಬಿದ್ದಿತು. ಬಿದ್ದುದು ಸುಮಾರು 130 ಟನ್ನು. ಕೆಲಸಗಾರರು ಗಾಯಗೊಂಡರು, ಯಾರ ಪ್ರಾಣವೂ ಹೋಗಲಿಲ್ಲ. ಇಂಧನವನ್ನು ತುಂಬುವ ಕಾಲ ಇನ್ನೂ ದೂರವಿದ್ದುದರಿಂದ ವಿಕಿರಣದ ಮಾತೇ ಇರಲಿಲ್ಲ. ಭೂಕಂಪವಾಗಿರಲಿಲ್ಲ, ಬಿರುಗಾಳಿ ಬೀಸಿರಲಿಲ್ಲ. ಮನುಷ್ಯನೇ ಬಿಗಿದ ಬಲಕ್ಕೆ ಮನುಷ್ಯನು ಕಟ್ಟಿದ ಗುಮ್ಮಟವು ಸೋತಿತು. ತಜ್ಞರ ಸಮಿತಿಗಳು ವಿಚಾರಣೆ ನಡೆಸಿದವು, ವಿನ್ಯಾಸವನ್ನು ಬದಲಿಸಿದರು, ಮೊದಲಿಗಿಂತ ಹೆಚ್ಚು ಬಲದ ಕಾಂಕ್ರೀಟನ್ನು ಸಿದ್ಧಪಡಿಸಿ ಗುಮ್ಮಟವನ್ನು ಮತ್ತೆ ಕಟ್ಟಿದರು. ರಾಜಸ್ಥಾನದ ರಾವತಭಾಟದಲ್ಲಿ ಏಳುತ್ತಿದ್ದ ಅದೇ ಬಗೆಯ ಗುಮ್ಮಟಗಳ ವಿನ್ಯಾಸವನ್ನೂ ತಿದ್ದಬೇಕಾಯಿತು. ಘಟಕವು ವಾಣಿಜ್ಯ ಉತ್ಪಾದನೆಗೆ ತೊಡಗಿದುದು 2000ದ ನವೆಂಬರಿನಲ್ಲಿ.

ಇಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. ಬಿಗಿದ ಗುಮ್ಮಟವು ಪದರ ಬಿಡುವುದು ಜಗತ್ತಿನಲ್ಲಿ ಅದೇ ಮೊದಲಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ಟರ್ಕಿ ಪಾಯಿಂಟ್ ಸ್ಥಾವರದಲ್ಲಿ 1970ರಲ್ಲಿಯೂ, ಅದೇ ರಾಜ್ಯದ ಕ್ರಿಸ್ಟಲ್ ರಿವರ್ ಸ್ಥಾವರದಲ್ಲಿ 1976ರಲ್ಲಿಯೂ ಗುಮ್ಮಟಗಳು ಪದರ ಬಿಟ್ಟಿದ್ದವು. ಕ್ರಿಸ್ಟಲ್ ರಿವರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. 2009ರಲ್ಲಿ ಹಳೆಯ ಉಗಿ ಉತ್ಪಾದಕಗಳನ್ನು ಬದಲಿಸುವುದಕ್ಕಾಗಿ ಆವರಣದ ಗೋಡೆಯಲ್ಲಿ ಕಿಂಡಿ ಕೊರೆಯುವಾಗ ಗೋಡೆಯೂ ಪದರ ಬಿಟ್ಟಿತು; ದುರಸ್ತಿಯ ಯತ್ನ ಕೈಗೂಡದೆ, 2013ರಲ್ಲಿ ಸ್ಥಾವರವನ್ನು ಶಾಶ್ವತವಾಗಿ ಮುಚ್ಚುವುದಾಗಿ ಘೋಷಿಸಲಾಯಿತು. ಒಂದೇ ಬಗೆಯ ಸೋಲು ನಲವತ್ತು ವರ್ಷಗಳಲ್ಲಿ ಮತ್ತೆ ಮತ್ತೆ ಬಂದುದಕ್ಕೆ ಬುದ್ಧಿವಂತರ ಅಭಾವ ಕಾರಣವೆನ್ನಲಾಗದು. ಸೋಲುಗಳ ವರದಿಗಳು ಕಪಾಟುಗಳಲ್ಲಿ ಉಳಿಯುತ್ತವೆ. ವಿದ್ಯಾರ್ಥಿಯ ಕೈಗೆ ಬರುವುದು ಗೆದ್ದ ಕಟ್ಟಡಗಳ ಚಿತ್ರ. ವೈದ್ಯವಿದ್ಯಾರ್ಥಿಯು ಶವದ ಮುಂದೆ ನಿಂತು ಕಲಿಯುತ್ತಾನೆ. ಕಟ್ಟಡ ವಿದ್ಯಾರ್ಥಿಗೆ ಸತ್ತ ಕಟ್ಟಡವನ್ನು ತೋರಿಸುವವರು ವಿರಳ.

ಸೋಲನ್ನು ಪಾಠವಾಗಿ ಬೋಧಿಸಿದರೆ ಜನರು ಅಂಜುತ್ತಾರೆ, ಎಂಜಿನಿಯರುಗಳ ಮೇಲಿನ ವಿಶ್ವಾಸ ಕುಗ್ಗುತ್ತದೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಅರೆಬರೆ ತಿಳಿವಳಿಕೆಯಿಂದ ಭೀತಿ ಹುಟ್ಟುವುದುಂಟು. ಆದರೆ ಅರೆಬರೆ ತಿಳಿವಳಿಕೆಗೆ ಮದ್ದು ಪೂರ್ಣ ತಿಳಿವಳಿಕೆಯೇ ಹೊರತು ಮೌನವಲ್ಲ. 2007ರ ಜುಲೈ 16ರಂದು ಜಪಾನಿನ ಕಾಶಿವಾಜಾಕಿ-ಕರಿವ ಸ್ಥಾವರವು, ಒಂದು ಘಟಕದ ತಳದಲ್ಲಿ, ಲೆಕ್ಕಕ್ಕೆ ಹಿಡಿದಿದ್ದಕ್ಕಿಂತ ಎರಡೂವರೆ ಪಟ್ಟು ಬಲದ ನಡುಕಕ್ಕೆ ಸಿಕ್ಕಿತು. ರಿಯಾಕ್ಟರಿನ ಕಟ್ಟಡಗಳು ತಾಳಿಕೊಂಡವು. ಆದರೆ ಹೊರಗಿದ್ದ ಒಂದು ಟ್ರಾನ್ಸ್‌ಫಾರ್ಮರಿನ ಬಳಿ ನೆಲ ಕುಸಿದು ಬೆಂಕಿ ಹತ್ತಿತು. ಬೆಂಕಿ ಆರಿಸಲು ನೀರು ಹರಿಸಬೇಕಾದ ಕೊಳವೆಗಳು ನೆಲದೊಳಗೆ ಮುರಿದುಹೋಗಿದ್ದವು. ಕಪ್ಪು ಹೊಗೆಯ ಚಿತ್ರವನ್ನು ಜಗತ್ತೆಲ್ಲ ಕಂಡಿತು. ಈ ಘಟನೆಯನ್ನು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಜ್ಞರು ಬಂದು ಪರಿಶೀಲಿಸಿದರು, ವರದಿಗಳು ಬಹಿರಂಗವಾದವು. ಮುಖ್ಯವಾದುದನ್ನು ಭದ್ರವಾಗಿ ಕಟ್ಟಿ, ಅಮುಖ್ಯವೆನಿಸಿದ್ದನ್ನು ಕಡೆಗಣಿಸಿದರೆ ಏನಾಗುತ್ತದೆಂದು ಇಂದು ಯಾವ ದೇಶದ ವಿದ್ಯಾರ್ಥಿಯಾದರೂ ಓದಿ ತಿಳಿಯಬಹುದು.

ಇನ್ನೊಂದು ಬಗೆಯ ವಾದವೂ ಇದೆ. ಪರಮಾಣು ಸ್ಥಾವರಗಳೇ ಬೇಡವೆನ್ನುವವರು, ಈ ವಿದ್ಯೆಯ ಚರ್ಚೆಯೇ ಅನಾವಶ್ಯಕವೆನ್ನಬಹುದು. ಸ್ಥಾವರಗಳು ಬೇಕೇ ಬೇಡವೇ ಎಂಬುದು ಸಮಾಜವು ವಾದಿಸಿ ತೀರ್ಮಾನಿಸಬೇಕಾದ ಪ್ರಶ್ನೆ. ಆದರೆ ಆ ವಾದದಲ್ಲಿ ಬೇಡವೆನ್ನುವ ಪಕ್ಷಕ್ಕೂ ತಳಪಾಯದ ಲೆಕ್ಕವನ್ನು ಓದಬಲ್ಲವರು ಬೇಕು. ಸಂಖ್ಯೆಯನ್ನು ನಿರ್ಧರಿಸುವವರು, ಅದನ್ನು ಪರೀಕ್ಷಿಸುವವರು, ಅದನ್ನು ಟೀಕಿಸುವವರು ಎಲ್ಲರೂ ಒಂದೇ ಕಚೇರಿಯ ನೌಕರರಾಗಿದ್ದರೆ ತಪ್ಪನ್ನು ಯಾರು ತೋರಿಸಬೇಕು? ಈ ವಿದ್ಯೆಯು ವಿಶ್ವವಿದ್ಯಾಲಯಗಳಲ್ಲಿ ಎಲ್ಲರಿಗೂ ಎಟಕುವಂತಿರಬೇಕೆನ್ನುವುದಕ್ಕೆ ಇದೇ ಬಲವಾದ ಕಾರಣ.

ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ ಕೇಂದ್ರ ಸರಕಾರವು 2017ರಲ್ಲಿ ಅನುಮೋದನೆ ನೀಡಿತು. ಇಂಥ ಸ್ಥಾವರಗಳು ಹಲವು ದಶಕಗಳ ಕಾಲ ದುಡಿಯುತ್ತವೆ. ಅವುಗಳನ್ನು ಮುಂದೆ ಪರಿಶೀಲಿಸುವ, ದುರಸ್ತಿ ಮಾಡುವ, ಹೊಸ ಭೂಕಂಪದ ದಾಖಲೆ ಬಂದಾಗ ಹಳೆಯ ಲೆಕ್ಕವನ್ನು ಮತ್ತೆ ತೆರೆದು ನೋಡುವ ಎಂಜಿನಿಯರುಗಳು ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿರುವವರೇ. ಅಂಥವರು ಗಣಕಯಂತ್ರದ ಮುಂದೆ ಕೂರುವುದಕ್ಕೆ ಮೊದಲು ಒಂದು ಮಳೆಗಾಲವನ್ನಾದರೂ ಕೆಲಸದ ಸ್ಥಳದಲ್ಲಿ ಕಳೆಯುವುದು ಒಳಿತು. ಕಾಗದದ ಮೇಲೆ ಒತ್ತೊತ್ತಾಗಿ ಬರೆದ ಸರಳುಗಳ ನಡುವೆ ಕಾಂಕ್ರೀಟು ಇಳಿಯುವುದೇ ಇಲ್ಲವೆಂಬುದನ್ನು ಗಾರೆ ಕೆಲಸದ ಮೇಸ್ತ್ರಿಯು ಮೊದಲ ದಿನವೇ ತೋರಿಸಿಕೊಡುತ್ತಾನೆ. ನಕ್ಷೆಯಲ್ಲಿ ಅದು ಕಾಣುವುದಿಲ್ಲ. ಮೂವತ್ತು ಮೀಟರ್ ಆಳದಿಂದ ಕೊರೆದು ತೆಗೆದ ಶಿಲೆಯ ತುಂಡನ್ನು ಕೈಯಲ್ಲಿ ಹಿಡಿದು, ಅದರ ಸೀಳಿನಲ್ಲಿ ಬೆರಳಾಡಿಸಿ ನೋಡಿದವನು ‘ನೆಲ ಗಟ್ಟಿಯಾಗಿದೆ’ ಎಂಬ ಒಂದು ಸಾಲಿನ ವರದಿಗೆ ಸುಲಭವಾಗಿ ಸಹಿ ಹಾಕಲಾರನು.

ಕೈಗಾದ ಆ ಮೊದಲನೆಯ ಘಟಕವು ಮುಂದೆ ಒಂದು ದಾಖಲೆಯನ್ನು ಸ್ಥಾಪಿಸಿತು. 962 ದಿನಗಳ ಕಾಲ ಒಮ್ಮೆಯೂ ನಿಲ್ಲದೆ ವಿದ್ಯುತ್ತನ್ನು ಉತ್ಪಾದಿಸಿ, ಆ ಕಾಲಕ್ಕೆ ಜಗತ್ತಿನಲ್ಲಿಯೇ ದೀರ್ಘವೆನಿಸಿದ ಓಟವನ್ನು 2018ರ ಡಿಸೆಂಬರ್ 31ರಂದು ಮುಗಿಸಿತು. ಆ ಓಟವು ಆರಂಭವಾದುದು 2016ರ ಮೇ 13ರಂದು, ಗುಮ್ಮಟ ಕಳಚಿ ಬಿದ್ದ ದಿನದಿಂದ ಸರಿಯಾಗಿ ಇಪ್ಪತ್ತೆರಡು ವರ್ಷಗಳ ಮೇಲೆ. ಇದು ಬರಿಯ ಕಾಕತಾಳೀಯ. ದಾಖಲೆಯ ಸುದ್ದಿಯು ಪತ್ರಿಕೆಗಳಲ್ಲೆಲ್ಲ ಬಂದಿತು. ಗುಮ್ಮಟ ಬಿದ್ದುದನ್ನು ಅದರೊಡನೆ ಸೇರಿಸಿ ಪಾಠವಾಗಿ ಹೇಳುವ ಕೆಲಸ ಎಂಜಿನಿಯರಿಂಗ್ ಕಾಲೇಜುಗಳದು.